ಹದಿನೈದು ಚೌಕದ ರೊಟ್ಟಿ

ನಮ್ಮ ಜಿಲ್ಲೆಯ ಗಣಿತ ಮೇಳಗಳಲ್ಲಿ ಥರ್ಮಾಕೋಲಿಗೆ ಇರುವ ಮರ್ಯಾದೆ ಗಣಿತಕ್ಕಿಲ್ಲ. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಗಣಿತದ ಟೀಚರಾಗಿ ಎಷ್ಟೋ ಮೇಳಗಳಿಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ, ಎಷ್ಟೋ ಮೇಳಗಳಲ್ಲಿ ಸಂಘಟಕಿ ಎನಿಸಿಕೊಂಡು ಬಾಗಿಲಲ್ಲಿ ನಿಂತು ಗುಲಾಬಿ ಹೂ ಹಂಚಿದ್ದೇನೆ. ಸ್ವಾಗತ ಸಮಿತಿ ಎಂದರೆ ಹೆಂಗಸರು ಎಂಬುದು ನಮ್ಮಲ್ಲಿ ಯಾರೂ ಸಾಧಿಸಿ ತೋರಿಸಬೇಕಿಲ್ಲದ ಪ್ರಮೇಯ. ಗಣಿತದಲ್ಲಿ ಎಂಎಸ್ಸಿ ಮಾಡಿದ ನನ್ನ ಕೈಗೆ ಪ್ರತಿ ಸಲವೂ ರಂಗೋಲಿ ಡಬ್ಬಿ ಬರುತ್ತದೆ. ನಾನೂ ಸಿಟ್ಟಿಗೆ ಹೂವು ಬಳ್ಳಿ ಬಿಡಿಸದೆ ವೃತ್ತ, ಸ್ಪರ್ಶಕ, ಜ್ಯಾ ಬಿಡಿಸಿ ಬರುತ್ತೇನೆ. ಅದನ್ನು ತುಳಿದುಕೊಂಡು ಒಳಗೆ ಹೋದವರಾರೂ ಇದುವರೆಗೆ ಏನಿದು ಎಂದು ಕೇಳಿಲ್ಲ.

ಒಳಗಿನ ಮಾದರಿಗಳು ಯಾವ ಊರಿನಿಂದ ಬಂದಿದ್ದರೂ ಒಂದೇ ಅಂಗಡಿಯಲ್ಲಿ ಹುಟ್ಟಿದಂತಿರುತ್ತವೆ. ಥರ್ಮಾಕೋಲಿನ ಮೇಲೆ ಬಣ್ಣದ ಹಾಳೆ, ಹಾಳೆಯ ಮೇಲೆ ಲಂಬಕೋನ ತ್ರಿಭುಜ, ತ್ರಿಭುಜದ ಸುತ್ತ ಮಿಣಮಿಣ ಬಲ್ಬಿನ ಸರ. ಪಕ್ಕದಲ್ಲಿ ಇಸ್ತ್ರಿ ಮಾಡಿದ ಸಮವಸ್ತ್ರದ ಮಗು. ಯಾರು ಎದುರು ಬಂದು ನಿಂತರೂ 'ಗುಡ್ ಮಾರ್ನಿಂಗ್ ಸರ್' ಎಂದು ಶುರು ಮಾಡಿ 'ಥ್ಯಾಂಕ್ ಯೂ ಸರ್' ಎನ್ನುವವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸಿಬಿಡುತ್ತದೆ. ನಡುವೆ ಪ್ರಶ್ನೆ ಹಾಕಿದರೆ ಪಾಪ, ಮತ್ತೆ ಗುಡ್ ಮಾರ್ನಿಂಗ್‌ನಿಂದಲೇ ಬರಬೇಕು. ತೀರ್ಪುಗಾರರಿಗೆ ಇದು ಚೆನ್ನಾಗಿ ಗೊತ್ತು. ಅವರು ಪ್ರಶ್ನೆ ಕೇಳುವ ಗೋಜಿಗೇ ಹೋಗುವುದಿಲ್ಲ, ಥರ್ಮಾಕೋಲಿನ ಎತ್ತರ ನೋಡಿ ಅಂಕ ಹಾಕಿ ಮುಂದಕ್ಕೆ ನಡೆಯುತ್ತಾರೆ.

ಇಂಥ ಮೇಳಕ್ಕೆ ನನ್ನ ವಿದ್ಯಾರ್ಥಿನಿಯೊಬ್ಬಳು ರೊಟ್ಟಿ ತಂದಳು.

ನಾನಿರುವುದು ಶಹಾಪುರದಲ್ಲಿ. ಶಾಲೆ ಸುರಪುರ ತಾಲ್ಲೂಕಿನಲ್ಲಿ, ಕೃಷ್ಣೆಯ ದಡದ ಒಂದು ಹಳ್ಳಿಯಲ್ಲಿ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವ ಬಾಳು. ಈ ಹುಡುಗಿ ಆಗ ಹತ್ತನೇ ತರಗತಿ. ಅಪ್ಪ ನದಿಯಲ್ಲಿ ಮೀನು ಹಿಡಿಯುತ್ತಾನೆ, ಅವ್ವ ಅದನ್ನು ಸುರಪುರದ ಪೇಟೆಗೆ ಒಯ್ದು ಮಾರುತ್ತಾಳೆ. ಅಣ್ಣ ಕಡೇಚೂರಿನ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು, ಅಲ್ಲೇ ಜೊತೆಯವರೊಂದಿಗೆ ಕೋಣೆ ಮಾಡಿಕೊಂಡಿದ್ದ. ಅಪ್ಪ ಬಲೆ ಬಿಟ್ಟು ಬೇರೆ ಯಾವುದಕ್ಕೂ ಬಾಯಿ ಹಾಕುವವನಲ್ಲವಾದ್ದರಿಂದ ಮನೆಯ ತೀರ್ಮಾನಗಳೆಲ್ಲ ಅಣ್ಣನವು. ತಂಗಿ ಹತ್ತನೇದರ ನಂತರ ಊರಿಗೆ ಹತ್ತಿರದ ಕಾಲೇಜಿನಲ್ಲಿ ಆರ್ಟ್ಸ್ ತೆಗೆದುಕೊಳ್ಳಲಿ ಎಂಬುದು ಅವನು ಆಗಲೇ ಮಾಡಿಟ್ಟಿದ್ದ ತೀರ್ಮಾನ. ಅವಳಿಗೆ ಬೇಕಾಗಿದ್ದದ್ದು ಶಹಾಪುರದಲ್ಲಿ ಸೈನ್ಸ್, ಅದರಲ್ಲೂ ಗಣಿತ.

ಹೇಳಿ ನೋಡೋಣವೆಂದು ಒಂದು ಭಾನುವಾರ ಅವರ ಮನೆಗೆ ಹೋದೆ. ಅಣ್ಣ ರಜೆಗೆ ಬಂದಿದ್ದ. ಹುಡುಗಿ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಮೊದಲ ರೊಟ್ಟಿ ಅತಿಥಿಯೆಂದು ನನಗೆ ಬಂತು, ಎರಡನೆಯದು ಅಣ್ಣನಿಗೆ, ಆಮೇಲೆ ಅಪ್ಪನಿಗೆ, ಅವ್ವನಿಗೆ. ನಾನು ಕೈ ತೊಳೆದು ಎದ್ದಾಗಲೂ ಅವಳು ತಟ್ಟುತ್ತಲೇ ಇದ್ದಳು. ಅಣ್ಣ ಒರಟನಲ್ಲ. ನನ್ನ ಮಾತನ್ನೆಲ್ಲ ತಲೆ ಬಗ್ಗಿಸಿ ಕೇಳಿದ. ಕೇಳಿಯಾದ ಮೇಲೆ, "ನೀವು ಟೀಚರ್ ಅದೀರಿ, ಶಾಣ್ಯಾಕಿ ಅಂತ ಹೇಳೇ ಹೇಳ್ತೀರಿ. ಯಾದಗಿರಿ ಮೇಳದಾಗ ಫಸ್ಟ್ ಬರ್ಲಿ, ದೊಡ್ಡ ಮಂದಿ ಹೌದಂದ್ರ ನಾನೂ ಹೌದಂತೀನ್ರಿ" ಅಂದ. ದೊಡ್ಡ ಮಂದಿ ಮೇಳಗಳಲ್ಲಿ ಯಾವುದಕ್ಕೆ ಹೌದೆನ್ನುತ್ತಾರೆಂದು ನನಗೆ ಗೊತ್ತಿತ್ತು. ಆದರೆ ಒಲೆಯ ಮುಂದೆ ಕುಳಿತವಳು ಅಷ್ಟರಲ್ಲಿ ತಿರುಗಿ ನೋಡಿದ್ದಳು, ನಾನು ಬಾಯಿ ಮುಚ್ಚಿಕೊಂಡೆ.

ಆ ವಾರ ತರಗತಿಯಲ್ಲಿ ಒಂದು ಆಟ ಆಡಿಸಿದ್ದೆ. ಹಳೆಯ ಕ್ಯಾಲೆಂಡರ್ ಹಾಳೆಯನ್ನು ಮಡಚಿ ಹದಿನೈದು ಚೌಕ ಮಾಡುವುದು. ಇಬ್ಬರು ಸರದಿಯ ಮೇಲೆ ಒಂದು ತುಂಡು ಎತ್ತಿಕೊಂಡು ಯಾವುದಾದರೂ ಒಂದು ಮಡಿಕೆಗುಂಟ ಎರಡಾಗಿ ಹರಿಯುವುದು. ಹರಿಯಲು ಏನೂ ಉಳಿಯದೆ ಬರೀ ಬಿಡಿ ಚೌಕಗಳಾದಾಗ, ಕೊನೆಯ ಸಲ ಹರಿದವರು ಗೆದ್ದಂತೆ. ಮರುದಿನ ಈ ಹುಡುಗಿ ಆಯತಾಕಾರದ ಖಡಕ್ ರೊಟ್ಟಿ ತಂದಳು. ಹಸಿಯಿರುವಾಗಲೇ ಸ್ಕೇಲಿನಿಂದ ಗೀರು ಒತ್ತಿ ಬೇಯಿಸಿದ್ದಳು. ಹಾಳೆ ಹರಿದರೆ ಕಸ, ರೊಟ್ಟಿಯಾದರೆ ಆಟ ಮುಗಿದ ಮೇಲೆ ತಿನ್ನಬಹುದು ಎಂಬುದು ಅವಳ ವಿವರಣೆ. ಹದಿನೈದು ಚೌಕದ ರೊಟ್ಟಿಯನ್ನು ನನ್ನ ಮುಂದಿಟ್ಟು, ನೀವೇ ಮೊದಲು ಮುರಿಯಿರಿ ಎಂದಳು. ಮುರಿದೆ, ಸೋತೆ. ಇನ್ನೊಂದು ರೊಟ್ಟಿ ತೆಗೆದು ಮತ್ತೆ ನೀವೇ ಮೊದಲು ಎಂದಾಗ ನನಗೆ ನಗು ಬಂತು. ಹುಡುಗಿ ಗುಟ್ಟು ಹಿಡಿದಿದ್ದಳು.

ಗುಟ್ಟು ಇಷ್ಟೇ. ಅವಳದೇ ಮಾತಿನಲ್ಲಿ ಹೇಳುವುದಾದರೆ, "ಒಮ್ಮೆ ಮುರದ್ರ ಒಂದ ತುಂಡ ಹೆಚ್ಚಾಗ್ತದ್ರಿ. ಹ್ಯಾಂಗರ ಮುರೀರಿ, ಒಂದರಿಂದ ಹದಿನೈದು ಆಗಾಕ ಹದಿನಾಕ ಸಲಾನ ಮುರೀಬೇಕು." ಹದಿನಾಲ್ಕು ಸಮಸಂಖ್ಯೆ. ಅಂದರೆ ಕೊನೆಯ ಸಲ ಮುರಿಯುವವರು ಯಾವಾಗಲೂ ಎರಡನೆಯವರೇ. ಉದ್ದ ಮುರಿಯಿರಿ, ಅಡ್ಡ ಮುರಿಯಿರಿ, ತಲೆ ಕೆರೆದುಕೊಂಡು ಮುರಿಯಿರಿ, ಮೊದಲು ಶುರು ಮಾಡಿದವರು ಸೋತಂತೆಯೇ. ಜಾಣತನಕ್ಕೂ ದಡ್ಡತನಕ್ಕೂ ಇಲ್ಲಿ ಕೆಲಸವಿಲ್ಲ.

ಆಟಕ್ಕಿಂತ ಹೆಚ್ಚಾಗಿ ನನಗೆ ಹಿಡಿಸಿದ್ದು ಅವಳು ನಮ್ಮ ಮಂದಿಯನ್ನು ಅರ್ಥ ಮಾಡಿಕೊಂಡ ರೀತಿ. ನಮ್ಮ ಕಡೆ ದೊಡ್ಡವರ ಮುಂದೆ ಚಿಕ್ಕವರು ಮೊದಲು ಕೈ ಹಾಕುವುದಿಲ್ಲ. ಚಹಾ ಇರಲಿ, ಊಟ ಇರಲಿ, ಕುರ್ಚಿ ಇರಲಿ, "ನೀವ ಮೊದ್ಲ ತಗೋರಿ" ಎನ್ನಬೇಕು. ದೊಡ್ಡವರೂ ಬೇಡವೆನ್ನುವುದಿಲ್ಲ. ಇಡೀ ಜಿಲ್ಲೆಯಲ್ಲಿ ಯಾವ ಸಾಹೇಬರೂ ಹತ್ತನೇ ತರಗತಿಯ ಹುಡುಗಿಗೆ ನೀನೇ ಮೊದಲು ಶುರು ಮಾಡು ಎನ್ನಲಾರರು ಎಂಬ ಭರವಸೆಯ ಮೇಲೆ ಅವಳು ತನ್ನ ಮಾದರಿ ಕಟ್ಟಿದ್ದಳು. ಥರ್ಮಾಕೋಲಿಗಿಂತ ಗಟ್ಟಿ ಬುನಾದಿ ಅದು.

ಸುರಪುರದಲ್ಲಿ ನಡೆದ ತಾಲ್ಲೂಕು ಮಟ್ಟದ ಮೇಳದಲ್ಲಿ ಸಲೀಸಾಗಿ ಮೊದಲ ಬಹುಮಾನ ಬಂತು. ಮುಖ್ಯ ಅತಿಥಿಗಳು ಆ ದಿನ ಬರಲೇ ಇಲ್ಲ. ಹಾಗಾಗಿ ತೀರ್ಪುಗಾರರಿಗೆ ಮಾದರಿಗಳನ್ನು ನೋಡಲು ಪುರುಸೊತ್ತಿತ್ತು. ಶಿಕ್ಷಣ ಇಲಾಖೆಯ ತಾಲ್ಲೂಕಿನ ಸಾಹೇಬರು ಸೋತ ಖುಷಿಯಲ್ಲಿ ಶೇಂಗಾ ಚಟ್ನಿ ತರಿಸಿ ರೊಟ್ಟಿ ತಿಂದರು. ತಿಂದ ಮೇಲೆ ಅವರಿಗೆ ಇದು ನಮ್ಮ ಸಂಸ್ಕೃತಿ ಎನ್ನಿಸಿತು.

ಇಲ್ಲಿಂದ ಅನಾಹುತ ಶುರುವಾಯಿತು. ಯಾದಗಿರಿಯಲ್ಲಿ ಜಿಲ್ಲಾ ಮೇಳದ ಪೂರ್ವಭಾವಿ ಸಭೆ ನಡೆದಾಗ ರಂಗೋಲಿ ಡಬ್ಬಿಯ ಹಕ್ಕುದಾರಳಾಗಿ ನಾನೂ ಇದ್ದೆ. ಪ್ರತಿ ವರ್ಷದ ರಿಬ್ಬನ್ನು, ದೀಪ ಹಳೆಯದಾಯಿತು, ಈ ಸಲ ಹೊಸದೇನಾದರೂ ಬೇಕು ಎಂದು ಯಾರೋ ಅಂದರು. ತಾಲ್ಲೂಕಿನ ಸಾಹೇಬರು ರೊಟ್ಟಿಯ ಸಂಗತಿ ತೆಗೆದರು. ಮುಖ್ಯ ಅತಿಥಿಗಳು ವೇದಿಕೆಯ ಮೇಲೆ ಆ ಹುಡುಗಿಯೊಂದಿಗೆ ಆಡುತ್ತ, ಗಣಿತದ ರೊಟ್ಟಿ ಮುರಿಯುವ ಮೂಲಕ ಮೇಳ ಉದ್ಘಾಟಿಸುತ್ತಾರೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಹ್ವಾನ ಪತ್ರಿಕೆಯೂ ಹಾಗೆಯೇ ಅಚ್ಚಾಯಿತು. ಉದ್ಘಾಟಕರೆಂದರೆ ಮೊದಲು ಮುರಿಯುವವರು ಎಂದಾಯಿತು, ಮೊದಲು ಮುರಿದವರು ಸೋಲುತ್ತಾರೆ ಎಂಬುದು ಮಾತ್ರ ಆ ಸಭೆಯಲ್ಲಿ ಯಾರ ತಲೆಗೂ ಹೊಳೆಯಲಿಲ್ಲ. ನನಗೆ ಹೊಳೆದಿತ್ತು. ಆದರೆ ಸ್ವಾಗತ ಸಮಿತಿಯವರ ಅಭಿಪ್ರಾಯವನ್ನು ಅಲ್ಲಿ ಯಾರೂ ಕೇಳಲಿಲ್ಲ.

ನಮ್ಮ ಹೆಡ್‌ಮಾಸ್ತರರಿಗೆ ಹೊಳೆದದ್ದು ಮೇಳದ ಹಿಂದಿನ ದಿನ. ಅವರು ಹುಡುಗಿಯನ್ನು ಕರೆದು ಬಹಳ ಪ್ರೀತಿಯಿಂದ, ನಾಳೆ ದೊಡ್ಡ ಸಾಹೇಬರ ಮುಂದೆ ಸುಮ್ಮನೆ ಸೋತುಬಿಡು ತಾಯಿ ಎಂದರು. ಹುಡುಗಿ ನೇರವಾಗಿ ಹೇಳಿದಳು, "ಸೋಲಾಕ ಬರಂಗಿಲ್ರಿ ಸರ್. ಅವ್ರು ಮೊದ್ಲ ಮುರದ್ರ ನಾ ಏನ್ ಮಾಡಿದ್ರೂ ಗೆಲ್ತೀನ್ರಿ."

ಹೆಡ್‌ಮಾಸ್ತರರು ಇದನ್ನು ಉದ್ಧಟತನವೆಂದು ತಿಳಿದು ನನ್ನ ಮುಖ ನೋಡಿದರು. ಅದು ಉದ್ಧಟತನವಲ್ಲ, ಸಮಸಂಖ್ಯೆಯ ಗುಣ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಸಮಾಜ ವಿಜ್ಞಾನದವರು, ಇಚ್ಛಾಶಕ್ತಿಯಿದ್ದರೆ ಎಲ್ಲವೂ ಸಾಧ್ಯ ಎಂದು ನಂಬಿದವರು. ಕುರ್ಚಿ ಎಳೆದುಕೊಂಡು ಕುಳಿತು, ತಾವೇ ಮೊದಲು ಮುರಿದು, ಸೋಲಲು ಪ್ರಯತ್ನ ಮಾಡು ಎಂದು ಅವಳಿಗೆ ತಾಕೀತು ಮಾಡುತ್ತ ಆಡಿದರು. ಹುಡುಗಿಯೂ ಪ್ರಾಮಾಣಿಕವಾಗಿ ಪ್ರಯತ್ನಿಸಿದಳು. ಒಂದಾದ ಮೇಲೊಂದು ರೊಟ್ಟಿ ಪುಡಿಯಾದವು, ಗೆಲುವು ಅವಳ ಬೆನ್ನು ಬಿಡಲಿಲ್ಲ. ಕೊನೆಗೆ ಬೆವರು ಒರೆಸಿಕೊಂಡು, ಹಾಗಾದರೆ ಇದಕ್ಕೆ ದಾರಿಯೇ ಇಲ್ಲವೇ ಎಂದು ಕೇಳಿದರು. ದಾರಿ ಇದೆ, ಸಾಹೇಬರು ನೀನೇ ಮೊದಲು ಮುರಿ ಎಂದು ನನಗೆ ಹೇಳಿದರೆ ಅವರೇ ಗೆಲ್ಲುತ್ತಾರೆ ಎಂದಳು ಹುಡುಗಿ. ಹೆಡ್‌ಮಾಸ್ತರರ ಮುಖ ಇನ್ನಷ್ಟು ಇಳಿಯಿತು. ನದಿ ಹಿಂದಕ್ಕೆ ಹರಿಯಲಿ ಎಂದಿದ್ದರೂ ಅವರು ಅಷ್ಟು ಕಂಗಾಲಾಗುತ್ತಿರಲಿಲ್ಲ.

ಆಮೇಲೆ ಈ ಗುಟ್ಟು ಮೆಟ್ಟಿಲು ಹತ್ತುತ್ತ ಹೋಯಿತು. ಹೆಡ್‌ಮಾಸ್ತರರು ತಾಲ್ಲೂಕಿನ ಸಾಹೇಬರಿಗೆ ಫೋನು ಮಾಡಿದರು. ಅವರು ಜಿಲ್ಲೆಯ ಸಾಹೇಬರಿಗೆ ಹೇಳಿದರು. ಎಲ್ಲರಿಗೂ ವಿಷಯ ತಿಳಿಯಿತು, ಎಲ್ಲರೂ ಅದನ್ನು ಇನ್ನೊಬ್ಬರು ಹೇಳಲಿ ಎಂದರು. ದೊಡ್ಡ ಸಾಹೇಬರಿಗೆ, ತಾವು ದಯವಿಟ್ಟು ಎರಡನೆಯವರಾಗಿ ಎಂದು ಹೇಳುವ ನಾಲಿಗೆ ಆ ಜಿಲ್ಲೆಯಲ್ಲಿ ಇರಲಿಲ್ಲ. ಕೊನೆಗೆ, ಹೂ ಕೊಡುವಾಗ ಮೆಲ್ಲಗೆ ಹೇಳಿಬಿಡಿ ಎಂದು ಆ ಕೆಲಸ ನನ್ನ ತಲೆಗೇ ಬಂತು. ಹೂ ಕೊಟ್ಟೆ, ಹೇಳಲಿಲ್ಲ. ನನ್ನ ಹುಡುಗಿಯ ಗೆಲುವನ್ನು ನಾನೇ ಮಾರಿಬರಲೇ? ಇವತ್ತಿಗೂ ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ.

ಮೇಳದ ದಿನ ದೊಡ್ಡ ಸಾಹೇಬರು ಬರಬೇಕಾಗಿದ್ದದ್ದು ಬೆಳಿಗ್ಗೆ, ಬಂದದ್ದು ಮಧ್ಯಾಹ್ನ. ಅವರು ಯಾರೆಂದು ಹೇಳುವ ಅಗತ್ಯವಿಲ್ಲ. ಅವರು ಕುಳಿತ ಮೇಲೆ ಉಳಿದವರು ಕುಳಿತುಕೊಳ್ಳುತ್ತಾರೆ ಎಂದರೆ ಸಾಕು. ಅಲ್ಲಿಯವರೆಗೆ ಮಕ್ಕಳಿಗೆ ಊಟವಿರಲಿಲ್ಲ, ಉದ್ಘಾಟನೆಗೆ ಮುಂಚೆ ಊಟ ಬಡಿಸುವುದು ಪದ್ಧತಿಯಲ್ಲವಂತೆ. ನನ್ನ ಹುಡುಗಿ ಬುಟ್ಟಿ ತುಂಬ ರೊಟ್ಟಿ ಮುಂದಿಟ್ಟುಕೊಂಡು ಹಸಿದು ನಿಂತಿದ್ದಳು. ಒಂದು ತಿನ್ನು ಎಂದರೆ, ಪ್ರದರ್ಶನದ ವಸ್ತು ಟೀಚರ್, ತಿಂದರೆ ಕಡಿಮೆಯಾಗುತ್ತದೆ ಎಂದಳು. ಅಣ್ಣ ಪಾಳಿ ಮುಗಿಸಿಕೊಂಡು ಬರುತ್ತೇನೆ ಎಂದಿದ್ದನಂತೆ. ಅವಳ ಕಣ್ಣೆಲ್ಲ ಗೇಟಿನ ಕಡೆಗೇ ಇತ್ತು.

ವೇದಿಕೆಯ ಮೇಲೆ ನಿರೂಪಕರು, ಮಾನ್ಯರು ಪ್ರಪ್ರಥಮವಾಗಿ ರೊಟ್ಟಿ ಮುರಿದು ಮೇಳಕ್ಕೆ ಚಾಲನೆ ನೀಡುತ್ತಾರೆ ಎಂದು ಮೈಕಿನಲ್ಲಿ ಸಾರಿದರು. ಪ್ರಪ್ರಥಮ ಎಂಬ ಪದವನ್ನು ಅವರು ಒತ್ತಿ ಒತ್ತಿ ಹೇಳಿದಾಗ ನಮ್ಮ ಹೆಡ್‌ಮಾಸ್ತರರು ಕಣ್ಣು ಮುಚ್ಚಿಕೊಂಡರು. ದೊಡ್ಡ ಸಾಹೇಬರು ಮುರಿದರು. ಹುಡುಗಿ ಮುರಿದಳು. ಸಾಹೇಬರಿಗೆ ಉತ್ಸಾಹ ಬಂತು. ಹಿಂದೆ ನಿಂತವರು ಒಬ್ಬೊಬ್ಬರಾಗಿ ಬಗ್ಗಿ ಸಲಹೆ ಕೊಡತೊಡಗಿದರು, ಉದ್ದಕ್ಕೆ ಮುರೀರಿ ಸರ್, ಆ ದೊಡ್ಡ ತುಂಡು ಈಗಲೇ ಮುಟ್ಟಬೇಡಿ ಸರ್. ಒಂದು ರೊಟ್ಟಿಗೆ ಇಷ್ಟೊಂದು ಆಡಳಿತಾನುಭವ ಒಟ್ಟಿಗೆ ಸೇರಿದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಕೊನೆಯ ತುಂಡನ್ನು ಹುಡುಗಿ ಮುರಿದಳು. ಹಿಂದಿನ ಸಾಲಿನ ಮಕ್ಕಳು ಹೋ ಎಂದವು, ಮುಂದಿನ ಸಾಲಿನವರು ಅವರನ್ನು ತಿರುಗಿ ನೋಡಿದರು.

ಇನ್ನೊಂದು ಎಂದರು ಸಾಹೇಬರು. ಇನ್ನೊಂದು ರೊಟ್ಟಿ ಬಂತು, ಹುಡುಗಿ ಕೈ ಕಟ್ಟಿ ನಿಂತು ಕಾದಳು, ಅವರೇ ಮೊದಲು ಮುರಿದರು, ಅವರೇ ಸೋತರು. ಮೂರನೆಯದಕ್ಕೂ ಹಾಗೆಯೇ. ಅಷ್ಟೂ ಹೊತ್ತು ಆ ವೇದಿಕೆಯ ಮೇಲೆ ಗೆಲ್ಲುವ ದಾರಿ ಗೊತ್ತಿದ್ದವರು ಸಾಲಾಗಿ ನಿಂತಿದ್ದರು. ಯಾರೂ ತುಟಿ ಬಿಚ್ಚಲಿಲ್ಲ. ಸಾಹೇಬರು ಕೈ ಕೊಡವಿಕೊಂಡು, ಹುಡುಗಿ ಚುರುಕಾಗಿದ್ದಾಳೆ ಎಂದು ಹೇಳಿ, ನಗುವನ್ನು ಅಲ್ಲಿಯೇ ಬಿಟ್ಟು ಕೆಳಗಿಳಿದರು.

ಇಳಿದು ನೇರವಾಗಿ ಹೋದದ್ದು ಒಂದು ಜ್ವಾಲಾಮುಖಿಯ ಮುಂದೆ. ಗಣಿತ ಮೇಳದಲ್ಲಿ ಜ್ವಾಲಾಮುಖಿ ಯಾಕೆ ಎಂದು ಕೇಳಬೇಡಿ. ಅದು ಶಂಕುವಿನ ಆಕಾರದಲ್ಲಿತ್ತು, ಮೇಲೆ 'ಶಂಕುವಿನ ಘನಫಲ' ಎಂದು ಬರೆದಿತ್ತು. ಆಳೆತ್ತರದ ಥರ್ಮಾಕೋಲು, ಒಳಗೆ ಕೆಂಪು ಬಲ್ಬು. ಗುಂಡಿ ಒತ್ತಿದರೆ ಹೊಗೆ ಬರುತ್ತಿತ್ತು. ಸಾಹೇಬರು ಗುಂಡಿ ಒತ್ತಿದರು, ಹೊಗೆ ಬಂತು, ಫೋಟೊ ತೆಗೆಸಿಕೊಂಡರು, ಅವರ ಮುಖಕ್ಕೆ ಕಳೆ ಮರಳಿತು. ತೀರ್ಪುಗಾರರು ಅಂಕ ಹಾಕಿದ್ದು ಆ ಮುಖ ನೋಡಿ. ಮೊದಲ ಬಹುಮಾನ ಜ್ವಾಲಾಮುಖಿಗೆ, ಎರಡು ಮತ್ತು ಮೂರು ಲಂಬಕೋನ ತ್ರಿಭುಜಗಳಿಗೆ. ನಮ್ಮ ರೊಟ್ಟಿಗೆ ಸಮಾಧಾನಕರ ಬಹುಮಾನವೂ ಇರಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ತೀರ್ಪುಗಾರರೊಬ್ಬರನ್ನು ಅಡ್ಡ ಹಾಕಿ ಯಾಕೆಂದು ಕೇಳಿದೆ. ಯಾರು ಮೊದಲು ಶುರು ಮಾಡುತ್ತಾರೆಂಬುದರ ಮೇಲೆ ಫಲಿತಾಂಶ ಮೊದಲೇ ನಿರ್ಧಾರವಾಗಿದ್ದರೆ ಅದು ಸ್ಪರ್ಧೆ ಹೇಗಾಗುತ್ತದೆ ಮೇಡಂ ಎಂದು ಅವರು ಬಹಳ ಗಂಭೀರವಾಗಿ ಕೇಳಿದರು. ಅದೇ ಪ್ರಶ್ನೆಯನ್ನು ನಾನು ಈ ಮೇಳದ ಬಗ್ಗೆಯೂ ಕೇಳಬಹುದಲ್ಲ ಎಂದೆ. ಅವರಿಗೆ ಊಟದ ಕರೆ ಬಂತು, ಹೋದರು.

ಹುಡುಗಿ ಅಳಲಿಲ್ಲ. ಮೇಜಿನ ಮೇಲಿನ ಪುಡಿ ಒರೆಸಿ, ಬಂದ ಮಕ್ಕಳೆಲ್ಲ ಆಡಿ ಮುರಿದು ಉಳಿದಿದ್ದ ಒಂದೇ ಒಂದು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿದಳು. ಅಲ್ಲಿಗೆ ಸೈನ್ಸ್ ಮುಗಿಯಿತು ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಊಟದ ಸಾಲಿಗೆ ಹೋಗು ಎಂದರೆ ಹಸಿವಿಲ್ಲ ಎಂದಳು. ಸುಮ್ಮನೆ ಅವಳ ಪಕ್ಕ ಕುಳಿತೆ. ದುಃಖ ನನಗೇ ಹೆಚ್ಚಾಗಿತ್ತೋ ಏನೋ.

ಆಗ ಅಣ್ಣ ಬಂದ. ಕಾರ್ಖಾನೆಯ ಬಟ್ಟೆಯಲ್ಲೇ ಇದ್ದ, ಕೂದಲಿನಲ್ಲಿ ಇನ್ನೂ ಬಿಳಿ ಧೂಳಿತ್ತು. ಬಹುಮಾನ ಹಂಚಿದ್ದು ಮುಗಿದಿತ್ತು, ಏನಾಯಿತೆಂದು ಕೇಳುವ ಅಗತ್ಯ ಅವನಿಗೆ ಬೀಳಲಿಲ್ಲ, ತಂಗಿಯ ಮುಖದಲ್ಲೇ ಇತ್ತು. ನಿನ್ನ ಆಟ ಅಂದರೆ ಏನು, ನನಗೂ ತೋರಿಸು ಎಂದು ಎದುರಿನ ಕುರ್ಚಿಯಲ್ಲಿ ಕುಳಿತ. ಅವಳು ಬಟ್ಟೆ ಬಿಚ್ಚಿ, ಕೊನೆಯ ರೊಟ್ಟಿಯನ್ನು ಅವನ ಮುಂದಿಟ್ಟು ನಿಯಮ ಹೇಳಿದಳು. ಹೇಳಿ, ಇಷ್ಟು ದಿನ ಎಲ್ಲರಿಗೂ ಅಂದಂತೆ, "ನೀ ಮೊದ್ಲ ಮುರಿ ಅಣ್ಣಾ" ಅಂದಳು.

ಅವನು ರೊಟ್ಟಿಯನ್ನು ನೋಡಿದ. ಅವಳ ಮುಖ ನೋಡಿದ. "ಉಂಡೀ ಏನು?" ಅಂದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಅವನು ರೊಟ್ಟಿಯನ್ನು ಅವಳ ಕಡೆಗೆ ಸರಿಸಿ, "ಮೊದ್ಲ ನೀ ಮುರಿ" ಅಂದ.

ಹುಡುಗಿಯ ಕೈ ಗಾಳಿಯಲ್ಲೇ ನಿಂತಿತು. ನನ್ನ ಕಡೆ ನೋಡಿದಳು. ಆಮೇಲೆ ಮುರಿದಳು. ಅವನು ಮುರಿದ. ಅವನಿಗೆ ಆಟದಲ್ಲಿ ಅಂಥ ಆಸಕ್ತಿಯೇನೂ ಇರಲಿಲ್ಲ, ಕೈಗೆ ಸಿಕ್ಕ ತುಂಡನ್ನು ಸಿಕ್ಕಂತೆ ಮುರಿಯುತ್ತ ಹೋದ. ಕೊನೆಯ ತುಂಡು ಅವನ ಕೈಗೇ ಬಂತು. ಅದನ್ನೂ ಮುರಿದು, ಇನ್ನೇನಾದರೂ ಇದೆಯಾ ಎಂದು ಮೇಜಿನ ಮೇಲೆ ಹುಡುಕಿದ.

ನೀ ಗೆದ್ದಿ ಎಂದಳು ಅವಳು. ದೊಡ್ಡ ಸಾಹೇಬರು ಮೂರು ಸಲ ಸೋತ ಆಟ ಇದೇ ಎಂದು ನಾನು ತಿಳಿಸಿದೆ. ಅವನು ನಂಬದೆ ನಕ್ಕ. ಅವರಿಗಿಂತ ನಾನು ಶಾಣ್ಯಾ ಆದೆನೇನು ಎಂದು ತಂಗಿಯನ್ನು ಕೇಳಿದ.

"ಅವ್ರೆಲ್ಲ ತಾವ ಮೊದ್ಲ ಮುರದ್ರು. ನೀ ನನಗ ಬಿಟ್ಟಿ. ಅದಕ್ಕ ಗೆದ್ದಿ" ಅಂದಳು ಅವಳು. ಅಂದು, ಮೇಜಿನ ಮೇಲಿನ ಚೌಕಗಳನ್ನು ಮತ್ತೆ ಸಾಲಾಗಿ ಜೋಡಿಸಿ, ಒಂದು ಸಲ ಮುರಿದರೆ ಒಂದು ತುಂಡು ಹೆಚ್ಚು ಎಂಬಲ್ಲಿಂದ ಶುರು ಮಾಡಿ ಹದಿನಾಲ್ಕರವರೆಗೆ ಹೇಳಿಕೊಟ್ಟಳು. ಗುಡ್ ಮಾರ್ನಿಂಗ್ ಇರಲಿಲ್ಲ, ಥ್ಯಾಂಕ್ ಯೂ ಇರಲಿಲ್ಲ. ಅವನು ನಡುನಡುವೆ ಪ್ರಶ್ನೆ ಕೇಳಿದ, ಅವಳು ಅಲ್ಲಿಂದಲೇ ಉತ್ತರ ಕೊಟ್ಟು ಮುಂದುವರಿದಳು. ಆ ಮೇಳದಲ್ಲಿ ಒಬ್ಬರು ಕೇಳಿ ಒಬ್ಬರಿಗೆ ತಿಳಿದ ಗಣಿತ ಇಷ್ಟೇ ಇರಬೇಕು.

ಅರ್ಥವಾದ ಮೇಲೆ ಅವನು, "ನಾ ಆಟದ್ದು ಅಂದಿದ್ದಿಲ್ಲ. ನೀ ಹಸದಿದ್ದಿ, ತಿನ್ನು ಅಂದೆ" ಅಂದ. ಹದಿನೈದು ಚೌಕಗಳನ್ನೂ ಒಟ್ಟು ಮಾಡಿ ಅವಳ ಮುಂದಕ್ಕೆ ತಳ್ಳಿದ. ಅವಳು ತಿನ್ನತೊಡಗಿದಳು. ತಿನ್ನುವುದನ್ನು ನೋಡುತ್ತ ಕುಳಿತವನು ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದ. "ನಮ್ಮೂರಿಂದ ಶಹಾಪುರಕ್ಕ ಮುಂಜಾನಿ ಯಾವ ಬಸ್ ಅದರಿ?"

ನಾನು ಬರುವ ಬಸ್ಸೇ ಅಲ್ಲಿ ತಿರುಗಿಸಿಕೊಂಡು ಶಹಾಪುರಕ್ಕೆ ಹೋಗುತ್ತದೆ ಎಂದು ಹೇಳಿದೆ.

ಈಗ ದಿನಾ ಬೆಳಿಗ್ಗೆ ನಾನು ಆ ಬಸ್ಸಿನಿಂದ ಇಳಿಯುತ್ತೇನೆ, ಅವಳು ಹತ್ತುತ್ತಾಳೆ. ಬಾಗಿಲಲ್ಲಿ ಎಷ್ಟೇ ನೂಕುನುಗ್ಗಲಿದ್ದರೂ ಪಕ್ಕಕ್ಕೆ ನಿಂತು, ನೀವು ಮೊದಲು ಎಂದು ನನಗೆ ದಾರಿ ಬಿಡುತ್ತಾಳೆ. ಅವಳು ಯಾರಿಗಾದರೂ ಮೊದಲು ಬಿಟ್ಟುಕೊಟ್ಟರೆ ನನಗೆ ಈಗಲೂ ಅನುಮಾನವೇ. ಆದರೂ ಇಳಿಯುತ್ತೇನೆ.